ಬೈಸಿಕಲ್ಲಿನ ಮೇಲೊಂದು ಬಿಡುವಿನ ದಿನ

ಕಡಲ ತೀರದ ಊರುಗಳಲ್ಲಿ ರಜೆ ಕಳೆಯುವವರು ಬಾಡಿಗೆಗೆ ಒಂದು ಬೈಸಿಕಲ್ಲನ್ನು ಹಿಡಿದು, ದಡದ ಗುಂಟ ಗೊತ್ತುಗುರಿಯಿಲ್ಲದೆ ಸುತ್ತುವುದುಂಟು. ಅಲ್ಲಿ ದಾರಿ ಬಹುಮಟ್ಟಿಗೆ ಸಮತಟ್ಟು. ಹೊತ್ತೇರಿದಂತೆ ನೀರಿನ ಕಡೆಯಿಂದ ಗಾಳಿ ಬೀಸುತ್ತದೆ. ಅವಸರವೆಂಬುದು ಯಾರಿಗೂ ಇಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಸೀಮೆಯಲ್ಲಿ ವಾಸಿಸುವ ನಮಗೆ ಕಡಲಿನ ಭಾಗ್ಯವಿಲ್ಲ. ನಮಗಿರುವುದು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಬೆಣಚುಕಲ್ಲಿನ ಗುಡ್ಡಗಳು, ಹಿಪ್ಪುನೇರಳೆಯ ತೋಟಗಳು, ಕೆರೆಗಳು. ಈ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಳೆಯ ಹೆಸರು. ಕಡಲಿಲ್ಲದಿದ್ದರೇನು, ಬಿಡುವಿಗೇನು ಕೊರತೆಯೆಂದು ನಾವು ಇಬ್ಬರು ಅಧ್ಯಾಪಕರೂ ಐವರು ವಿದ್ಯಾರ್ಥಿಗಳೂ ಒಂದು ಭಾನುವಾರ ಬೈಸಿಕಲ್ಲು ಹತ್ತಿ ಹೊರಟೆವು. ರಾಮನಗರದಿಂದ ಚನ್ನಪಟ್ಟಣ, ಅಲ್ಲಿಂದ ಕಣ್ವ ಜಲಾಶಯ, ಮರಳಿ ರಾಮನಗರ. ಒಟ್ಟು ನಲವತ್ತು ಕಿಲೋಮೀಟರಿನ ಆಸುಪಾಸು. ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಚಳಿಯು ‘ಶಿವ ಶಿವ’ ಎಂದು ಹೊರಟುಹೋಗಿತ್ತೆಂಬುದನ್ನು ನಾವು ಇನ್ನಷ್ಟು ಗಂಭೀರವಾಗಿ ನೆನೆಯಬೇಕಾಗಿತ್ತು.

ಈ ದಾರಿಯನ್ನೇ ಆರಿಸಿದುದಕ್ಕೆ ಕಾರಣವುಂಟು. ಮಾಗಡಿಯು ರಾಮನಗರಕ್ಕಿಂತ ಸುಮಾರು 175 ಮೀಟರ್ ಎತ್ತರದಲ್ಲಿದೆ. ಸವಾರ, ಬೈಸಿಕಲ್ಲು ಎರಡೂ ಸೇರಿ 80 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಅವುಗಳ ತೂಕ ಸುಮಾರು 784 ನ್ಯೂಟನ್. ಇಷ್ಟನ್ನು 175 ಮೀಟರ್ ಮೇಲಕ್ಕೆತ್ತಲು ಸುಮಾರು 137 ಕಿಲೋಜೂಲ್ ಕೆಲಸವಾಗಬೇಕು. ದಾರಿಯ ಘರ್ಷಣೆ, ಗಾಳಿಯ ತಡೆಗಳ ಲೆಕ್ಕ ಬೇರೆ. ಕನಕಪುರದ ಕಡೆಗೆ ಹೊರಟರೆ ಒಟ್ಟಿನಲ್ಲಿ ಇಳಿಜಾರು. ಹೋಗುವಾಗ ಸುಖ, ಆದರೆ ದಣಿದು ಹಿಂದಿರುಗುವಾಗ ಏರು. ಸಾಲ ಮಾಡಿ ಹಬ್ಬ ಮಾಡಿದಂತೆ ಅದು. ರಾಮನಗರಕ್ಕೂ ಚನ್ನಪಟ್ಟಣಕ್ಕೂ ಎತ್ತರದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಮೇಲಾಗಿ, 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯು ಈ ಊರುಗಳನ್ನು ಬಳಸಿಕೊಂಡು ಹೋದ ಮೇಲೆ ದೂರದ ವಾಹನಗಳ ಬಹುಭಾಗ ಅತ್ತ ಸರಿದಿದೆ. ಆ ವರ್ಷದ ಆಗಸ್ಟಿನಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೂ ನಿಧಾನದ ವಾಹನಗಳಿಗೂ ಪ್ರವೇಶವಿಲ್ಲ; ನಮ್ಮಂಥವರಿಗೆ ಊರೊಳಗಿನ ಹಳೆಯ ರಸ್ತೆಯೇ ಗತಿ, ಅದೇ ಹಿತವೂ ಹೌದು.

ಬೆಳಗಿನ ಆರೂವರೆಗೆ ಹೊರಟೆವು. ನಮ್ಮವು ಗೇರುಗಳಿಲ್ಲದ ಸಾಮಾನ್ಯ ಬೈಸಿಕಲ್ಲುಗಳು. ಪೆಡಲಿನ ಬಳಿಯ ದೊಡ್ಡ ಹಲ್ಲುಗಾಲಿಗೆ 44 ಹಲ್ಲು, ಹಿಂದಿನ ಚಕ್ರದ ಚಿಕ್ಕ ಹಲ್ಲುಗಾಲಿಗೆ 18. ಆದುದರಿಂದ ಪೆಡಲನ್ನು ಒಂದು ಸುತ್ತು ತುಳಿದರೆ ಚಕ್ರವು ಸುಮಾರು 2.44 ಸುತ್ತು ತಿರುಗುತ್ತದೆ. ಚಕ್ರದ ಸುತ್ತಳತೆ 2.23 ಮೀಟರ್. ಒಂದು ಸುತ್ತಿನ ತುಳಿತಕ್ಕೆ ಬೈಸಿಕಲ್ಲು 5.45 ಮೀಟರ್ ಮುಂದೆ ಸಾಗುತ್ತದೆಂದಾಯಿತು. ಈ ಒಂದು ಸಂಖ್ಯೆಯನ್ನು ಅರಿತವನಿಗೆ ವೇಗಮಾಪಕವೇ ಬೇಡ, ಕೈಗಡಿಯಾರ ಸಾಕು. ನಿಮಿಷಕ್ಕೆ 44 ಸುತ್ತು ತುಳಿದರೆ ಸೆಕೆಂಡಿಗೆ 4 ಮೀಟರ್, ಎಂದರೆ ಗಂಟೆಗೆ 14 ಕಿಲೋಮೀಟರಿಗಿಂತ ತುಸು ಹೆಚ್ಚು. ಮಾತನಾಡುತ್ತ, ಅತ್ತಿತ್ತ ನೋಡುತ್ತ ಹೋಗುವವನ ವೇಗವಿದು.

ಊರು ದಾಟಿದ ಮೇಲೆ ಸಮನಾದ ಒಂದು ತುಂಡು ರಸ್ತೆ ಸಿಕ್ಕಿತು. ವಾಹನಗಳ ಓಡಾಟವೂ ಇರಲಿಲ್ಲ. ಅಲ್ಲಿ ನಾವೊಂದು ಪ್ರಯೋಗ ಮಾಡಿದೆವು. ಸೆಕೆಂಡಿಗೆ 4 ಮೀಟರಿನ ವೇಗದಲ್ಲಿ ಬಂದು, ಸುಣ್ಣದಿಂದ ಗುರುತು ಮಾಡಿದ ಒಂದು ಗೆರೆಯ ಬಳಿ ತುಳಿಯುವುದನ್ನು ನಿಲ್ಲಿಸುವುದು. ಬ್ರೇಕು ಹಿಡಿಯದೆ ಬೈಸಿಕಲ್ಲು ತಾನಾಗಿ ಎಷ್ಟು ದೂರ ಹೋಗಿ ನಿಲ್ಲುವುದೆಂದು ಅಳೆಯುವುದು. ನಮ್ಮದು ಸುಮಾರು 75 ಮೀಟರ್ ಹೋಯಿತು. ಒಬ್ಬ ವಿದ್ಯಾರ್ಥಿಯದು ಮಾತ್ರ 45 ಮೀಟರಿಗೇ ನಿಂತುಬಿಟ್ಟಿತು. “ನನ್ನ ಸೈಕಲ್ಲಿಗೆ ಏನೋ ಆಗಿದೆ ಸಾರ್, ಮೊದಲಿಂದಲೂ ಭಾರ ಎಳೀತಿದೆ” ಎಂದ. ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಕಾರಣ ತಿಳಿಯಿತು: ಗಾಳಿ ಸಾಲದು. ಹತ್ತಿರದ ಸೈಕಲ್ ಶಾಪಿನಲ್ಲಿ ಪಂಪು ಹೊಡೆದ ಮೇಲೆ ಅವನದೂ 70 ಮೀಟರ್ ದಾಟಿತು.

ಉರುಳುವ ಚಕ್ರಕ್ಕೆ ಘರ್ಷಣೆ ಎಲ್ಲಿಂದ ಬಂದೀತೆಂದು ಕೇಳಬಹುದು. ಟೈರು ನೆಲವನ್ನು ಮುಟ್ಟುವ ಕಡೆ ಅದು ಚಪ್ಪಟೆಯಾಗುತ್ತದೆ; ಮುಂದೆ ಉರುಳಿದಾಗ ಆ ಭಾಗ ಮತ್ತೆ ತನ್ನ ಆಕಾರಕ್ಕೆ ಬರುತ್ತದೆ. ರಬ್ಬರನ್ನು ಬಗ್ಗಿಸಲು ನಾವು ಕೊಟ್ಟ ಶಕ್ತಿಯನ್ನೆಲ್ಲ ಅದು ಹಿಂದಕ್ಕೆ ಕೊಡುವುದಿಲ್ಲ; ಒಂದು ಪಾಲನ್ನು ಶಾಖವಾಗಿ ನುಂಗಿಕೊಳ್ಳುತ್ತದೆ. ಗಾಳಿ ಕಡಮೆಯಾದಷ್ಟೂ ಬಾಗುವಿಕೆ ಹೆಚ್ಚು, ನುಂಗುವಿಕೆಯೂ ಹೆಚ್ಚು. ಗಟ್ಟಿಯಾಗಿ ಗಾಳಿ ತುಂಬಿದ ಟೈರಿನ ಮೇಲೆ ನಮ್ಮ 784 ನ್ಯೂಟನ್ ತೂಕಕ್ಕೆ ಈ ತಡೆ ಸುಮಾರು 6 ನ್ಯೂಟನ್. ಆ ವಿದ್ಯಾರ್ಥಿಯ ಟೈರಿನಲ್ಲಿ ಅದು ಇಮ್ಮಡಿಯಾಗಿತ್ತು. ವೇಗ ಹೆಚ್ಚಿದರೂ ಕಡಮೆಯಾದರೂ ಈ ತಡೆಯ ಬಲವು ಅಷ್ಟಾಗಿ ಬದಲಾಗುವುದಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳಲಿರುವ ಗಾಳಿಯ ತಡೆಗೂ ಇದಕ್ಕೂ ಇರುವ ಅಂತರವೇ ಇಡೀ ವಿಷಯದ ತಿರುಳು.

ಚನ್ನಪಟ್ಟಣವನ್ನು ಮುಟ್ಟಿದಾಗ ಎಂಟು ಗಂಟೆ. ತಟ್ಟೆ ಇಡ್ಲಿ, ಕಾಫಿ. ಬಳಿಕ ಬೊಂಬೆ ಮಾಡುವವರ ಒಂದು ಕಾರ್ಖಾನೆಯಲ್ಲಿ ಎರಡು ಗಂಟೆ ಕಳೆದುದೇ ತಿಳಿಯಲಿಲ್ಲ. ತಿರುಗುವ ಲೇತಿನಲ್ಲಿ ಹಾಲೆಮರದ ತುಂಡನ್ನು ಸಿಕ್ಕಿಸಿ, ಉಳಿಯಿಂದ ರೂಪ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಒಲೆಯಿಲ್ಲ. ಮರಕ್ಕೂ ಅರಗಿಗೂ ನಡುವಣ ಘರ್ಷಣೆಯಿಂದ ಹುಟ್ಟಿದ ಶಾಖದಲ್ಲಿಯೇ ಅರಗು ಕರಗಿ ಮರದ ಮೈಗೆ ಅಂಟಿಕೊಳ್ಳುತ್ತದೆ. ಬಳಿಕ ಕೇದಗೆಯ ಜಾತಿಯ ಗಿಡದ ಒಣ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಬೈಸಿಕಲ್ಲಿನ ಸವಾರನಿಗೆ ಶತ್ರುವಾದ ಘರ್ಷಣೆಯೇ ಇಲ್ಲಿ ಅನ್ನ ಕೊಡುತ್ತಿದೆ. ಜೂಲನು ಕೆಲಸವನ್ನು ಶಾಖಕ್ಕೆ ಸಮೀಕರಿಸಿದ ಪ್ರಯೋಗವನ್ನು ಪಾಠ ಹೇಳುವಾಗ ನಾವು ನೀರಿನ ಪಾತ್ರೆ, ಹುಟ್ಟು, ಇಳಿಯುವ ತೂಕಗಳ ಚಿತ್ರವನ್ನು ಹಲಗೆಯ ಮೇಲೆ ಬರೆಯುತ್ತೇವೆ. ಚನ್ನಪಟ್ಟಣಕ್ಕೆ ಕರೆತಂದು ಅರಗಿನ ಕಡ್ಡಿಯೊಂದನ್ನು ಕೈಗೆ ಕೊಟ್ಟಿದ್ದರೆ ಆ ಪಾಠ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತೇನೋ.

ನಮ್ಮ ಜೊತೆಯಲ್ಲಿದ್ದ ಬಿ.ಎಸ್‌ಸಿ. ಎರಡನೆಯ ವರ್ಷದ ಹುಡುಗನೊಬ್ಬನಿಗೆ ಈ ನಿಧಾನ ಒಗ್ಗಲಿಲ್ಲ. ಮುಂದೆ ಓಡುವುದು, ಕಣ್ಮರೆಯಾಗುವುದು, ತಿರುಗಿ ನಮ್ಮನ್ನು ಕೂಡುವುದು, ಮತ್ತೆ ಮುಂದೆ ಓಡುವುದು. ಬೆಳಗಿನಿಂದ ಇದೇ ಆಗಿತ್ತು. ಬೇಗ ಬೇಗ ಇನ್ನೊಂದು ಸುತ್ತು ಹೋಗಿ ಬರುವ ಆತುರದಲ್ಲಿ ಇಡ್ಲಿಯನ್ನೂ ಬಿಟ್ಟು ಕಾಫಿ ಮಾತ್ರ ಕುಡಿದಿದ್ದ. ಆಟಗಳಲ್ಲಿ ಮುಂದಿರುವ ಹುಡುಗ, ಮೈಯಲ್ಲಿ ಕಸುವುಂಟು, ಓಡಲಿ ಬಿಡು ಎಂದುಕೊಂಡೆವು. ತಪ್ಪು ನಮ್ಮದು.

ಹತ್ತೂಕಾಲಕ್ಕೆ ಚನ್ನಪಟ್ಟಣವನ್ನು ಬಿಟ್ಟೆವು. ಕಣ್ವ ಜಲಾಶಯವು ಶಿಂಷಾ ನದಿಯನ್ನು ಸೇರುವ ಕಣ್ವ ಹೊಳೆಗೆ 1946ರಲ್ಲಿ ಕಟ್ಟಿದ ಅಣೆಕಟ್ಟಿನಿಂದ ಆದುದು. ಹನ್ನೊಂದರ ಹೊತ್ತಿಗೆ ನೀರು ದೂರದಲ್ಲಿ ಕಾಣಿಸಿತು. ಅದಕ್ಕಿಂತ ಮೊದಲು ಕಾಣಿಸಿದುದು ರಸ್ತೆಯ ಬದಿಗೆ ಬಿದ್ದಿದ್ದ ಬೈಸಿಕಲ್ಲು, ಅದರ ಪಕ್ಕದಲ್ಲಿ ತಲೆ ಹಿಡಿದು ಕುಳಿತಿದ್ದ ನಮ್ಮ ಹುಡುಗ. ಮುಖ ಬಿಳಿಚಿತ್ತು. ಅಂಗಿ ತೊಯ್ದು ಮೈಗೆ ಅಂಟಿತ್ತು. ನಾಡಿ ಬಹಳ ವೇಗವಾಗಿ ಬಡಿಯುತ್ತಿತ್ತು. “ಏನಪ್ಪ, ಏನಾಯಿತು?” ಎಂದರೆ, “ತಲೆ ಸುತ್ತುತ್ತೆ ಸಾರ್, ವಾಂತಿ ಬರೋ ಹಾಗಾಗುತ್ತೆ, ಮೀನಖಂಡ ಹಿಡ್ಕೊಂಡಿದೆ” ಎಂದ. ಹೊಲದಿಂದ ಓಡಿಬಂದ ವೃದ್ಧರೊಬ್ಬರು, “ಬಿಸ್ಲು ಹೊಡ್ದೈತೆ ಸಾಮಿ, ಮೊದ್ಲು ನೆಳ್ಳಿಗೆ ಎತ್ತಿ, ಮಾತು ಆಮೇಲೆ” ಎಂದರು. ಹೊಂಗೆಯ ಮರದ ನೆರಳಿಗೆ ಒಯ್ದು ಮಲಗಿಸಿ, ಕಾಲನ್ನು ತುಸು ಎತ್ತರಕ್ಕಿಟ್ಟು, ಅಂಗಿ ಕಳಚಿ, ಒದ್ದೆ ಟವಲಿನಿಂದ ಮೈಯೊರೆಸಿ ಬೀಸಿದೆವು. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆವು. ಅರ್ಧ ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. ಒಂದು ಮಾತನ್ನು ಇಲ್ಲಿಯೇ ಹೇಳಬೇಕು: ಮೈ ಸುಡುವಷ್ಟು ಕಾದು, ಮಾತು ತೊದಲಿ, ಬುದ್ಧಿ ಮಂಕಾಗತೊಡಗಿದರೆ ಅದು ಬೇರೆಯೇ ಹಂತ, ಪ್ರಾಣಕ್ಕೆ ಎರವಾಗಬಲ್ಲುದು. ಆಗ ಬಾಯಿಗೆ ಏನನ್ನೂ ಹಾಕದೆ, ಮೈಗೆ ತಣ್ಣೀರು ಸುರಿಯುತ್ತಲೇ ಆಸ್ಪತ್ರೆಗೆ ಒಯ್ಯಬೇಕು.

ಹುಡುಗನಿಗೆ ಹೀಗೇಕಾಯಿತು? ನಮಗೇಕೆ ಆಗಲಿಲ್ಲ? ನಾವು ಅವನಿಗಿಂತ ಹದಿನೈದು ವರ್ಷ ಹಿರಿಯರು, ಬಲದಲ್ಲಿ ಅವನಿಗೆ ಸರಿಸಾಟಿಯಲ್ಲ. ಉತ್ತರವು ಗಾಳಿಯಲ್ಲಿದೆ.

ಮುಂದೆ ಸಾಗುವ ಸವಾರನು ತನ್ನೆದುರಿನ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ವೇಗ ಇಮ್ಮಡಿಯಾದರೆ ಪ್ರತಿ ಸೆಕೆಂಡಿಗೆ ಎದುರಾಗುವ ಗಾಳಿಯ ರಾಶಿ ಇಮ್ಮಡಿಯಾಗುತ್ತದೆ. ಅದನ್ನು ತಳ್ಳಬೇಕಾದ ವೇಗವೂ ಇಮ್ಮಡಿಯಾಗುತ್ತದೆ. ಆದುದರಿಂದ ತಡೆಯ ಬಲ ನಾಲ್ಮಡಿ. ರಾಮನಗರದ ಎತ್ತರದಲ್ಲಿ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.1 ಕಿಲೋಗ್ರಾಂ. ನೆಟ್ಟಗೆ ಕುಳಿತು ತುಳಿಯುವ ಸವಾರನ ಗಾತ್ರ, ಆಕಾರಗಳನ್ನು ಗಣನೆಗೆ ತಂದರೆ, ಗಾಳಿಯ ತಡೆಯು ವೇಗದ ವರ್ಗವನ್ನು 0.33ರಿಂದ ಗುಣಿಸಿದಷ್ಟು ನ್ಯೂಟನ್ ಎಂದು ಸುಮಾರಾಗಿ ಹಿಡಿಯಬಹುದು. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಇದು 5.3 ನ್ಯೂಟನ್. ಟೈರಿನ 6 ನ್ಯೂಟನ್ ಸೇರಿ 11.3 ನ್ಯೂಟನ್. ಬಲವನ್ನು ವೇಗದಿಂದ ಗುಣಿಸಿದರೆ ನಾವು ವ್ಯಯಿಸಬೇಕಾದ ಸಾಮರ್ಥ್ಯ ಸಿಗುತ್ತದೆ: ಸುಮಾರು 45 ವಾಟ್. ಒಂದು ಹಳೆಯ ಕಾಲದ ಮಂದ ಬಲ್ಬು ಉರಿಯುವಷ್ಟು. ಈಗ ವೇಗವನ್ನು 8 ಮೀಟರಿಗೆ ಏರಿಸಿ ನೋಡಿ. ಟೈರಿನ ತಡೆ 6 ನ್ಯೂಟನ್ನೇ; ಗಾಳಿಯ ತಡೆ 21 ನ್ಯೂಟನ್. ಒಟ್ಟು 27. ಸಾಮರ್ಥ್ಯ 216 ವಾಟ್. ಕಾಲವೇನೋ ಅರ್ಧಕ್ಕಿಳಿಯಿತು, ಆದರೆ ಬೆಲೆ ಸುಮಾರು ಐದುಪಟ್ಟಾಯಿತು. ಗಾಳಿಗೆ ಕೊಡುವ ಕಂದಾಯವನ್ನು ಮಾತ್ರ ಲೆಕ್ಕ ಹಿಡಿದರೆ ಅದು ಎಂಟುಪಟ್ಟು, ಏಕೆಂದರೆ ಅದು ವೇಗದ ಘನದಂತೆ ಏರುತ್ತದೆ. ಪಳಗಿದ ಸ್ಪರ್ಧಿಗಳಲ್ಲದೆ ಬೇರೆಯವರು 216 ವಾಟನ್ನು ಹೆಚ್ಚು ಹೊತ್ತು ಕೊಡಲಾರರು.

ನಮ್ಮ ಹುಡುಗನ ವೇಗ ಸೆಕೆಂಡಿಗೆ 7 ಮೀಟರಿನಷ್ಟಿತ್ತೆಂದು ಅವನ ಗಡಿಯಾರದ ಲೆಕ್ಕದಿಂದ ತಿಳಿಯಿತು. ಎಂದರೆ 155 ವಾಟ್. ಇದು ಪೆಡಲಿಗೆ ಮುಟ್ಟಿದ ಭಾಗ ಮಾತ್ರ. ಮಾನವನ ಸ್ನಾಯುಗಳು ಒಳ್ಳೆಯ ಯಂತ್ರಗಳೇನೋ ಹೌದು, ಆದರೆ ಆಹಾರದಿಂದ ಬಂದ ಶಕ್ತಿಯಲ್ಲಿ ಸುಮಾರು ಕಾಲುಭಾಗವನ್ನು ಮಾತ್ರ ಕೆಲಸವಾಗಿ ಮಾರ್ಪಡಿಸಬಲ್ಲುವು. ಮಿಕ್ಕ ಮುಕ್ಕಾಲು ಮೈಯೊಳಗೆ ಶಾಖವಾಗಿ ಉಳಿಯುತ್ತದೆ. ನಮ್ಮ 45 ವಾಟಿನ ತುಳಿತಕ್ಕೆ 135 ವಾಟ್ ಶಾಖ. ಅವನ 155 ವಾಟಿನ ತುಳಿತಕ್ಕೆ 465 ವಾಟ್. ಇದನ್ನು ಹೊರಹಾಕದಿದ್ದರೆ ಮೈ ಬಿಸಿಯೇರುತ್ತಲೇ ಹೋಗುತ್ತದೆ. ಹೊರಗಿನ ಗಾಳಿ ತಂಪಾಗಿರುವಾಗ ಒಂದಷ್ಟು ಶಾಖ ತಾನಾಗಿ ಹರಿದುಹೋಗುತ್ತದೆ. ಹೊತ್ತೇರಿದ ಮೇಲೆ ಆ ದಾರಿ ಕಿರಿದಾಗುತ್ತದೆ, ಬಿಸಿಲು ತಾನೂ ಶಾಖವನ್ನು ಸುರಿಯುತ್ತದೆ. ಉಳಿಯುವುದು ಬೆವರೊಂದೇ. ಒಂದು ಗ್ರಾಂ ಬೆವರು ಆವಿಯಾಗುವಾಗ ಸುಮಾರು 2.4 ಕಿಲೋಜೂಲ್ ಶಾಖವನ್ನು ಗುಪ್ತೋಷ್ಣವಾಗಿ ಹೊತ್ತೊಯ್ಯುತ್ತದೆ. ನಮ್ಮ ಶಾಖವನ್ನೆಲ್ಲ ಬೆವರೇ ಸಾಗಿಸಬೇಕಾದರೂ ಗಂಟೆಗೆ 200 ಗ್ರಾಂ ಸಾಕು: ಒಂದು ಲೋಟ ನೀರು. ಅವನಿಗೆ ಗಂಟೆಗೆ 700 ಗ್ರಾಂ ಬೇಕು. ನಾವು 22 ಕಿಲೋಮೀಟರ್ ಬಂದಿದ್ದ ಕಡೆ, ಹಿಂದೆ ಮುಂದೆ ಓಡಾಡಿ ಅವನು 40 ಕಿಲೋಮೀಟರಿನಷ್ಟು ತುಳಿದಿದ್ದ. ಒಂದೂವರೆ ಗಂಟೆಗೂ ಮೀರಿದ ತುಳಿತ, ಒಂದು ಲೀಟರಿಗೂ ಮಿಕ್ಕ ಬೆವರು. ಹೊಟ್ಟೆಗೆ ಹೋದುದು ಒಂದು ಲೋಟ ಕಾಫಿ. ಜೊತೆಗೆ ಕೆಳಗೆ ತೊಟ್ಟಿಕ್ಕಿದ ಬೆವರು ಮೈಯನ್ನು ತಣಿಸುವುದಿಲ್ಲ. ಆವಿಯಾದುದಷ್ಟೇ ಲೆಕ್ಕಕ್ಕೆ ಬರುವುದು. ಆದುದರಿಂದ ನಿಜವಾದ ನಷ್ಟ ಇನ್ನೂ ಹೆಚ್ಚೇ ಇದ್ದಿರಬೇಕು. 60 ಕಿಲೋಗ್ರಾಂ ತೂಕದವನು ಒಂದೂಕಾಲು ಲೀಟರ್ ನೀರನ್ನು ಕಳೆದುಕೊಂಡರೆ ಮೈತೂಕದ ನೂರಕ್ಕೆ ಎರಡು ಭಾಗ ಹೋದಂತೆ. ರಕ್ತದ ಗಾತ್ರ ತಗ್ಗುತ್ತದೆ. ಅದೇ ರಕ್ತವು ಕಾಲಿನ ಸ್ನಾಯುಗಳಿಗೂ ಹರಿಯಬೇಕು, ಶಾಖವನ್ನು ಚರ್ಮಕ್ಕೆ ತಲುಪಿಸಲೂ ಬೇಕು. ಎರಡಕ್ಕೂ ಸಾಲದಾದಾಗ ತಲೆ ಸುತ್ತುತ್ತದೆ.

ಹಾಗಾದರೆ ನಿಧಾನವಾದಷ್ಟೂ ಒಳ್ಳೆಯದೇ? ಅದಕ್ಕೂ ಮಿತಿಯುಂಟು. ಶಾಲೆಗಳ ಕ್ರೀಡಾದಿನದಲ್ಲಿ ನಡೆಯುವ ನಿಧಾನ ಸೈಕಲ್ ಸ್ಪರ್ಧೆಯನ್ನು ನೋಡಿದವರಿಗೆ ಗೊತ್ತು, ಕೊನೆಗೆ ಮುಟ್ಟಬೇಕೆಂಬ ಹಟದಲ್ಲಿ ಅರ್ಧಕ್ಕರ್ಧ ಮಂದಿ ಕಾಲೂರಿಬಿಡುತ್ತಾರೆ. ಬೈಸಿಕಲ್ಲು ಎಡಕ್ಕೆ ವಾಲಿದಾಗ ಮುಂದಿನ ಚಕ್ರ ಎಡಕ್ಕೆ ತಿರುಗಿ, ನೆಲ ಮುಟ್ಟುವ ಬಿಂದುಗಳನ್ನು ಭಾರದ ಕೆಳಕ್ಕೆ ತಂದುಕೊಳ್ಳಬೇಕು. ಮೆಲ್ಲಗೆ ಚಲಿಸುವಾಗ ಇದಕ್ಕೆ ಬೇಕಾದ ಸಮಯ ಸಿಗುವುದಿಲ್ಲ. ಚಕ್ರಗಳು ಬುಗುರಿಯಂತೆ ತಿರುಗುವುದರಿಂದಲೇ ಬೈಸಿಕಲ್ಲು ಬೀಳದೆ ನಿಲ್ಲುತ್ತದೆಂದು ಹಳೆಯ ಪುಸ್ತಕಗಳಲ್ಲಿ ಓದುತ್ತೇವೆ. 2011ರಲ್ಲಿ ಹಾಲೆಂಡ್ ಮತ್ತು ಅಮೆರಿಕದ ಸಂಶೋಧಕರು ಆ ಬುಗುರಿಯ ಪರಿಣಾಮವನ್ನು ಪೂರ್ತಿ ಅಳಿಸಿಹಾಕುವಂತೆ ವಿರುದ್ಧವಾಗಿ ತಿರುಗುವ ಗಾಲಿಗಳನ್ನು ಜೋಡಿಸಿದ ಪುಟ್ಟ ಬೈಸಿಕಲ್ಲೊಂದನ್ನು ಮಾಡಿ, ಅದು ಸವಾರನಿಲ್ಲದೆಯೂ ತಾನಾಗಿ ನೇರ ನಿಂತು ಓಡುವುದನ್ನು ತೋರಿಸಿದರು. ಇಷ್ಟು ಪರಿಚಿತವಾದ ವಾಹನದ ಸಮತೋಲವನ್ನು ಒಂದೇ ಕಾರಣದಿಂದ ವಿವರಿಸಲಾಗದೆಂಬುದು ನಮಗೆ ಇಂದಿಗೂ ಸೋಜಿಗವೇ.

ನಡೆಯುವವನೊಂದಿಗೆ ಹೋಲಿಸಿದರೆ ಸಾವಕಾಶದ ಸವಾರನ ಅದೃಷ್ಟ ಇನ್ನೂ ಸ್ಪಷ್ಟವಾಗುತ್ತದೆ. 60 ಕಿಲೋಗ್ರಾಂ ತೂಕದವನು ಒಂದು ಕಿಲೋಮೀಟರ್ ನಡೆಯಲು ಸುಮಾರು 50 ಕಿಲೋಕ್ಯಾಲೊರಿಯನ್ನು ವ್ಯಯಿಸುತ್ತಾನೆ. ನಮ್ಮ ವೇಗದಲ್ಲಿ ಬೈಸಿಕಲ್ಲು ತುಳಿದರೆ ಕಿಲೋಮೀಟರಿಗೆ 11 ಸಾಕು. ರಾಮನಗರದಿಂದ ಚನ್ನಪಟ್ಟಣದವರೆಗಿನ 12 ಕಿಲೋಮೀಟರಿಗೆ ಸುಮಾರು 130. ಒಂದು ತಟ್ಟೆ ಇಡ್ಲಿ ಆ ಸಾಲವನ್ನು ತೀರಿಸೀತು. ಆಕ್ಸ್‌ಫರ್ಡಿನ ಎಸ್. ಎಸ್. ವಿಲ್ಸನ್ ಎಂಬ ಅಧ್ಯಾಪಕರು 1973ರಲ್ಲಿ ಪ್ರಾಣಿಗಳನ್ನೂ ಯಂತ್ರಗಳನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಿ, ತನ್ನ ತೂಕವನ್ನು ಸಾಗಿಸಲು ಅತ್ಯಂತ ಕಡಮೆ ಶಕ್ತಿಯನ್ನು ಬಳಸುವವನು ಬೈಸಿಕಲ್ಲಿನ ಮೇಲಿನ ಮನುಷ್ಯನೆಂದು ತೋರಿಸಿಕೊಟ್ಟರು. ಅವಸರದಲ್ಲಿ ತುಳಿಯುವವನು ಈ ಪಟ್ಟವನ್ನು ತಾನಾಗಿಯೇ ಬಿಟ್ಟುಕೊಡುತ್ತಾನೆ.

ಆ ಹುಡುಗನನ್ನೂ ಅವನ ಬೈಸಿಕಲ್ಲನ್ನೂ ಮಧ್ಯಾಹ್ನ ಒಂದು ಗೂಡ್ಸ್ ಆಟೋದಲ್ಲಿ, ನಮ್ಮೊಬ್ಬರ ಜೊತೆಗೆ ಊರಿಗೆ ಕಳುಹಿಸಿದೆವು. ಉಳಿದವರು ಬಿಸಿಲು ಇಳಿಯುವವರೆಗೆ ನೀರಿನ ಬದಿಯ ಮರಗಳ ಕೆಳಗೆ ಮಲಗಿದ್ದು, ನಾಲ್ಕಕ್ಕೆ ಹೊರಟೆವು. ಹಿಂದಿರುಗುವಾಗ ಸೆಕೆಂಡಿಗೆ 3 ಮೀಟರಿನಷ್ಟು ಎದುರುಗಾಳಿ. ಗಾಳಿಯ ತಡೆಯನ್ನು ನಿರ್ಧರಿಸುವುದು ನೆಲದ ಮೇಲಿನ ವೇಗವಲ್ಲ, ಗಾಳಿಗೆ ಸಾಪೇಕ್ಷವಾದ ವೇಗ. 4ಕ್ಕೆ 3 ಸೇರಿ 7 ಆಯಿತು. ಅದೇ ವೇಗವನ್ನು ಕಾಯ್ದುಕೊಳ್ಳಲು 45ರ ಬದಲು ಸುಮಾರು 89 ವಾಟ್ ಕೊಡಬೇಕು. ಹಟ ಮಾಡದೆ ವೇಗವನ್ನು ಇಳಿಸಿಕೊಂಡೆವು. ರಾಮದೇವರ ಬೆಟ್ಟದ ಬಂಡೆಗಳು ಕೆಂಪೇರುತ್ತಿದ್ದುವು. ಅಲ್ಲಿ 2012ರಲ್ಲಿ ರಣಹದ್ದುಗಳಿಗಾಗಿ ವನ್ಯಧಾಮ ಘೋಷಣೆಯಾಗಿದೆ. ಆ ಸಂಜೆ ನಮ್ಮ ಕಣ್ಣಿಗೆ ಹದ್ದು ಬೀಳಲಿಲ್ಲ. ಕಾದ ಬಂಡೆಯಿಂದ ಮೇಲೇರುವ ಬಿಸಿಗಾಳಿಯನ್ನು ಹಿಡಿದು, ರೆಕ್ಕೆ ಬಡಿಯದೆ ಸುತ್ತುವ ಅವುಗಳ ಹೊತ್ತು ಮುಗಿದಿತ್ತು.

ಹದಿನೈದು ದಿನಗಳ ಮೇಲೆ ಆ ವಿದ್ಯಾರ್ಥಿ ಪ್ರಯೋಗಶಾಲೆಗೆ ಒಂದು ಕಾಗದ ಹಿಡಿದು ಬಂದ. ಅವನ ಮನೆಯವರು ರೇಷ್ಮೆಗೂಡಿನ ಬೆಳೆಗಾರರು. ಗೂಡು ತೂಗುವ ಯಂತ್ರದಲ್ಲಿ ಗ್ರಾಂ ಲೆಕ್ಕಕ್ಕೆ ತೂಗಬಹುದಂತೆ. ಬೆಳಗಿನ ಏಳಕ್ಕೆ ಮೈಯೊರೆಸಿಕೊಂಡು ತೂಗಿಕೊಂಡು, ನಿಮಿಷಕ್ಕೆ 44 ಸುತ್ತಿನಂತೆ ಒಂದು ಗಂಟೆ ತುಳಿದು, ಏನನ್ನೂ ಕುಡಿಯದೆ ಮತ್ತೆ ಮೈಯೊರೆಸಿಕೊಂಡು ತೂಗಿದ್ದಾನೆ. ಮಾರನೆಯ ದಿನ, ಹೊಟ್ಟೆ ತುಂಬ ನೀರು ಕುಡಿದ ಮೇಲೆ, ಮನೆಯ ಹತ್ತಿರದಲ್ಲಿಯೇ 77 ಸುತ್ತಿನಂತೆ ಅರ್ಧ ಗಂಟೆ. ಮೊದಲನೆಯ ದಿನ ಇಳಿದ ತೂಕ 250 ಗ್ರಾಂ, ಎರಡನೆಯ ದಿನ ಅರ್ಧ ಗಂಟೆಗೆ 410. “ನೀವು ಬೋರ್ಡಿನ ಮೇಲೆ ಹಾಕಿದ್ದು 200 ಸಾರ್, ನನಗೆ 50 ಗ್ರಾಂ ಜಾಸ್ತಿ ಬಂದಿದೆ. ತೂಕದ ಯಂತ್ರ ಸರಿಯಾಗಿದೆ, ನೋಡಿಸಿದೀನಿ” ಎಂದು ಕೇಳಿದ. ತುಳಿಯದೆ ಸುಮ್ಮನೆ ಕುಳಿತಿದ್ದರೂ ಮೈಯಲ್ಲಿ ಒಂದಷ್ಟು ಶಾಖ ಹುಟ್ಟುತ್ತಿರುತ್ತದೆ; ಉಸಿರಿನೊಂದಿಗೂ ನೀರಿನ ಆವಿ ಹೊರಗೆ ಹೋಗುತ್ತಿರುತ್ತದೆ. ಈ ಎರಡನ್ನೂ ನಾವು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂದು ಕಂಡುಹಿಡಿಯುವುದು ಹೇಗೆಂಬುದನ್ನು ಅವನೀಗ ಯೋಚಿಸುತ್ತಿದ್ದಾನೆ. ಮನೆಯಲ್ಲಿ ಒಳ್ಳೆಯ ತೂಕದ ಯಂತ್ರವಿರುವ ವಾಚಕರೂ ಯೋಚಿಸಬಹುದು.